ಪಿಕಪ್ಪಿಗೆ ಪಿಕಪ್ ಇಲ್ಲ

ನಮ್ಮ ಮನೆಯ ಪಿಕಪ್ಪಿಗೆ ಪಿಕಪ್ ಇಲ್ಲ ಅಂತ ಮೊದಲು ಹೇಳಿದ್ದು ಅಮ್ಮ. ಆ ಮಾತಿನಲ್ಲಿ ತಮಾಷೆ ಇದೆ ಅಂತ ಅವಳಿಗೆ ಹೊಳೆದಿರಲಿಲ್ಲ. ನಾನು ನಕ್ಕೆ, ಅವಳಿಗೆ ಸಿಟ್ಟು ಬಂತು. "ನಗು, ನಗು. ಮಳೆ ಹೊಡೆಯುವಾಗ ಚಡಾವಿನ ಮಧ್ಯೆ ನಿಲ್ತದಲ, ಆವಾಗ ನಗು ಬರ್ತದಾ ನೋಡ್ವ" ಅಂದಳು. ಸರಿಯಾಗಿ ನಾಲ್ಕು ದಿನಕ್ಕೆ ಚಡಾವಿನ ಮಧ್ಯೆ ನಿಂತಿತು. ಮಳೆಯೂ ಹೊಡೆಯುತ್ತಿತ್ತು.

ಗಾಡಿ 2007ರ ಮಾಡೆಲ್. ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಅದಕ್ಕೆ ಡೀಸೆಲ್ ಕೊಡುವ ಹಳೇ ಥರದ ರೋಟರಿ ಪಂಪು, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಗೊಬ್ಬರ, ಹಿಂಡಿ, ಅಡಿಕೆ ಚೀಲ, ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿಯ ಡ್ರಮ್ಮು, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ, ಎಲ್ಲವನ್ನೂ ಇದೇ ಹೊರಬೇಕು. ತೀರ್ಥಹಳ್ಳಿ ಪೇಟೆಯಿಂದ ನಮ್ಮ ಮನೆಗೆ ಬರುವಾಗ ಕೊನೆಯ ಎರಡು ಕಿಲೋಮೀಟರು ಚಡಾವು. ಅರ್ಧ ಚಡಾವಿನಲ್ಲಿ ಒಂದು ಮೋರಿ, ಮೋರಿಯ ಪಕ್ಕ ಗಾಡಿ ನಿಲ್ಲಿಸುವಷ್ಟು ಜಾಗ. ಆ ಜಾಗದ ಪರಿಚಯ ನನಗೆ ಕಳೆದ ವರ್ಷ ಬೇಡವೆನಿಸುವಷ್ಟು ಆಯಿತು.

ಅವತ್ತು ಹಿಂದೆ ಎಂಟು ಚೀಲ ಹಿಂಡಿ ಇತ್ತು. ಸೆಕೆಂಡ್ ಗೇರಿನಲ್ಲಿ ಚೆನ್ನಾಗಿಯೇ ಹತ್ತುತ್ತಿದ್ದ ಗಾಡಿ ಮೋರಿಗೆ ಇನ್ನೂರು ಅಡಿ ಇದೆ ಅನ್ನುವಾಗ ಒಮ್ಮೆ ತಡವರಿಸಿತು. ನಾನು ಎಕ್ಸಿಲೇಟರ್ ಇನ್ನಷ್ಟು ಒತ್ತಿದೆ. ಒತ್ತಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಮಿಸ್ ಹೊಡೆದು ಎಗರಾಡುತ್ತದಲ್ಲ, ಹಾಗೆ ಮಾಡಲಿಲ್ಲ. ಶಬ್ದ ಸಣ್ಣದಾಗುತ್ತಾ ಬಂತು, ಅಷ್ಟೇ. ಫಸ್ಟ್ ಗೇರಿಗೆ ಹಾಕಿ ಹೇಗೋ ಮೋರಿಯ ಪಕ್ಕಕ್ಕೆ ಎಳೆದೆ, ಅಲ್ಲಿಗೆ ಆಫ್ ಆಯಿತು. ಬಾನೆಟ್ ಎತ್ತಿ, ನೋಡಲು ಏನಿದೆ ಅಂತ ಗೊತ್ತಿಲ್ಲದೆಯೂ ನೋಡುತ್ತಾ ನಿಂತೆ. ಬಾನೆಟ್ ಎತ್ತುವುದು ಗಂಡಸರಿಗೆ ಒಂದು ಥರ ಸಂಧ್ಯಾವಂದನೆ, ಅರ್ಥ ಗೊತ್ತಿರಬೇಕು ಅಂತೇನಿಲ್ಲ. ಅಮ್ಮ ಕೊಡೆ ಬಿಡಿಸಿಕೊಂಡು ಕೆಳಗಿಳಿದು ಮೋರಿಯ ಬದಿಯ ಹಸಿ ಜಾಗದಲ್ಲಿ ಬೆಳೆದಿದ್ದ ಒಂದೆಲಗ ಕೊಯ್ಯತೊಡಗಿದಳು. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದೆ. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗಿ ಎಂಟು ಚೀಲ ಹೊತ್ತುಕೊಂಡು ಮನೆಗೆ ಬಂತು. ರಾತ್ರಿ ಊಟಕ್ಕೆ ಒಂದೆಲಗದ ತಂಬುಳಿ.

ಬದಲಾಯಿಸುವ ಚಟ

ಮುಂದಿನ ಎರಡು ತಿಂಗಳ ಕಥೆ ಹೇಳಲು ನಾಚಿಕೆಯಾಗುತ್ತದೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬೇಕು ಅಂದರು, ಹೊಸದು ಹಾಕಿಸಿದೆ. ಡೀಸೆಲ್ ಫಿಲ್ಟರ್ ಇರಬೇಕು ಅಂದರು, ಅದೂ ಹೊಸದಾಯಿತು. ಹಳೇ ಫಿಲ್ಟರಿನ ತಳದಿಂದ ಒಂದು ಲೋಟದಷ್ಟು ನೀರು ಬಂದಾಗ ಕಳ್ಳ ಸಿಕ್ಕಿಬಿದ್ದ ಅಂತ ಗ್ಯಾರೇಜಿನವರಿಗೂ ನನಗೂ ಖುಷಿ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ನಿಂತೇ ಇರುವ ಗಾಡಿಗಳಲ್ಲಿ ಇದು ಇದ್ದದ್ದೇ. ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣಿದು ಟ್ಯಾಂಕಿನ ಗೋಡೆಗೆ ಬೆವರಿನಂತೆ ಹನಿಯುತ್ತದೆ, ಡೀಸೆಲ್ಲಿಗಿಂತ ನೀರು ಭಾರ, ತಳಕ್ಕೆ ಇಳಿಯುತ್ತದೆ. ನೀರು ತೆಗೆದಾಯಿತು. ನಾಲ್ಕನೇ ದಿನ ಅದೇ ಮೋರಿ, ಅದೇ ಒಂದೆಲಗ.

ಆಮೇಲೆ ಯಾರೋ ನಾಝಲ್ ಅಂದರು, ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಮೂತಿ. ಶಿವಮೊಗ್ಗದ ಒಂದು ಪಂಪ್ ಅಂಗಡಿಗೆ ಒಯ್ದೆ. ಅವರ ಕೆಲಸ ನೋಡಲು ಚೆಂದ, ಅದನ್ನು ಒಪ್ಪಿಕೊಳ್ಳಬೇಕು. ಒಂದೊಂದೇ ನಾಝಲನ್ನು ಕೈಪಂಪಿನಂಥ ಯಂತ್ರಕ್ಕೆ ಸಿಕ್ಕಿಸಿ ಹಿಡಿಕೆ ಒತ್ತುತ್ತಾರೆ. ಒಳ್ಳೆಯದಾದರೆ ತುದಿಯಿಂದ ಡೀಸೆಲ್ ಮಂಜಿನ ಹಾಗೆ ಹಾರುತ್ತದೆ, ಕೆಟ್ಟದ್ದಾದರೆ ಹುಡುಗರು ಉಚ್ಚೆ ಹೊಯ್ದ ಹಾಗೆ ಒಂದೇ ಧಾರೆ. ನಮ್ಮ ನಾಲ್ಕರಲ್ಲಿ ಎರಡು ತೊಟ್ಟಿಕ್ಕುತ್ತಿದ್ದವು. ಅದನ್ನು ನಾನು ಕಣ್ಣಾರೆ ನೋಡಿದೆ, ಅವರು ಮೋಸ ಮಾಡಲಿಲ್ಲ. ನಾಲ್ಕನ್ನೂ ಬದಲಾಯಿಸಿ 11,000 ಚಿಲ್ಲರೆ ಕೊಟ್ಟು, ವಾಪಸ್ ಬರುವಾಗ ದಾರಿಯ ಬಂಕಿನಲ್ಲಿ ಖುಷಿಗೆ ಟ್ಯಾಂಕ್ ಫುಲ್ ಮಾಡಿಸಿದೆ.

ಒಂದು ವಾರ ಗಾಡಿ ಕುದುರೆಯ ಹಾಗೆ ಓಡಿತು. ಹೋದ ಕಡೆಯೆಲ್ಲ ನಾಝಲ್ಲಿನ ಮಹಿಮೆ ಸಾರಿದೆ. ನೆರೆಮನೆಯವರ ಜೀಪಿಗೂ ನಾಝಲ್ ಮಾಡಿಸಿ ಅಂತ ಪುಕ್ಕಟೆ ಸಲಹೆ ಬೇರೆ. ಎಂಟನೇ ದಿನ ಮೋರಿಯ ಹತ್ತಿರ ಅದೇ ತಡವರಿಕೆ ಶುರುವಾದಾಗ ಎಂಜಿನ್ನಿನ ಮೇಲೆ ಬಂದ ಸಿಟ್ಟಿಗಿಂತ, ಇನ್ನು ಊರಿನವರಿಗೆ ಏನು ಹೇಳಲಿ ಅನ್ನುವ ಸಂಕಟವೇ ದೊಡ್ಡದಾಗಿತ್ತು. ಆ ಒಂದು ವಾರ ಗಾಡಿ ಯಾಕೆ ಸರಿಯಿತ್ತು ಅನ್ನುವುದು ನನ್ನನ್ನು ಎಷ್ಟು ಕಾಡಿತೆಂದರೆ, ಗಾಡಿ ಕೆಡುವುದಕ್ಕಿಂತ ಸುಮ್ಮಸುಮ್ಮನೆ ಸರಿಯಾಗುವುದೇ ಹೆಚ್ಚು ಹಿಂಸೆ ಅನ್ನಿಸಿತು.

"ಯಾವಾಗ?"

ಪಂಪನ್ನೇ ಇಳಿಸಬೇಕು, 25,000 ಆಗಬಹುದು ಅಂತ ಗ್ಯಾರೇಜಿನವರು ಹೇಳಿದ ದಿನ ಮನೆಗೆ ಬಂದು ಜಗಲಿಯಲ್ಲಿ ಕೂತಿದ್ದೆ. ಅಮ್ಮ ಅಡಿಕೆ ಆರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಅಲ್ಲ ಮಾರಾಯ, ಅದು ಹೋಗುವಾಗ ಯಾವತ್ತೂ ನಿಲ್ಲುದಿಲ್ಲ. ಬರುವಾಗ ಮಾತ್ರ. ನಿಂತರೂ ಹತ್ತು ನಿಮಿಷ ಸುಧಾರಿಸಿಕೊಳ್ತದೆ, ಆಮೇಲೆ ಹೋಗ್ತದೆ. ಅಪ್ಪಯ್ಯನ ಹಾಗೇ."

ಅಪ್ಪಯ್ಯ ಕೊನೆಯ ವರ್ಷಗಳಲ್ಲಿ ತೋಟದಿಂದ ಮನೆಗೆ ಬರುವಾಗ ಮೆಟ್ಟಿಲಿನ ಮಧ್ಯೆ ನಿಲ್ಲುತ್ತಿದ್ದರು. ಸೊಂಟಕ್ಕೆ ಕೈಯಿಟ್ಟು, ಹಲಸಿನ ಮರ ನೋಡುವವರಂತೆ. ದಮ್ಮು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ದಮ್ಮಿಗೆ ಕಷಾಯ, ದಮ್ಮಿಗೆ ಗುಳಿಗೆ, ಎದೆಗೆ ಹಚ್ಚುವ ಎಣ್ಣೆ. ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಹೋದಾಗ ಅವರು ಸ್ಟೆತಾಸ್ಕೋಪ್ ಮುಟ್ಟುವ ಮೊದಲು ಬರೀ ಪ್ರಶ್ನೆ ಕೇಳಿದರು. ಯಾವಾಗ ಬರುತ್ತದೆ? ನಡೆದಾಗಲಾ, ಮಲಗಿದಾಗಲಾ? ಮಲಗಿದರೆ ಎಷ್ಟು ದಿಂಬು ಬೇಕು? ಅಪ್ಪಯ್ಯ ಎಲ್ಲದಕ್ಕೂ "ಯಾವಾಗಲೂ ಬರ್ತದೆ" ಅಂದರು. ಉತ್ತರ ಕೊಟ್ಟಿದ್ದು ಅಮ್ಮ. ಮೆಟ್ಟಿಲು ಹತ್ತುವಾಗ ಬರ್ತದೆ, ನಿಂತರೆ ಹೋಗ್ತದೆ, ಈಗೀಗ ಮೂರು ದಿಂಬು ಇಟ್ಟುಕೊಂಡು ಮಲಗ್ತಾರೆ, ಸಾಯಂಕಾಲ ಕಾಲು ಬಾತಿರ್ತದೆ. ಡಾಕ್ಟರು ಪೆನ್ನು ಕೆಳಗಿಟ್ಟು ಹೃದಯದ ಪರೀಕ್ಷೆಗೆ ಚೀಟಿ ಬರೆದರು.

ಅಡಿಕೆ ಆರಿಸುತ್ತಾ ಅಮ್ಮ ಹೇಳಿದ ಮಾತು ಕೇಳಿ ನನಗೆ ಆ ಡಾಕ್ಟರ ಕೋಣೆಯೇ ಕಣ್ಣಿಗೆ ಬಂತು. ಎರಡು ತಿಂಗಳಲ್ಲಿ ಯಾರೊಬ್ಬರೂ, ನನ್ನನ್ನೂ ಸೇರಿಸಿ, ಯಾವಾಗ ಅಂತ ಕೇಳಿರಲಿಲ್ಲ. "ಎಳೆಯುತ್ತಿಲ್ಲ" ಅಂತ ನಾನು ಹೇಳುತ್ತಿದ್ದೆ, ಎಳೆಯದ ಗಾಡಿಗೆ ಏನೇನು ಬದಲಾಯಿಸುತ್ತಾರೋ ಅದನ್ನು ಅವರು ಬದಲಾಯಿಸುತ್ತಿದ್ದರು. ಗ್ಯಾರೇಜಿನವರ ತಪ್ಪು ಇದರಲ್ಲಿ ಕಮ್ಮಿ. ಅವರ ಅಂಗಳ ಸಮತಟ್ಟು, ಅಲ್ಲಿ ಗಾಡಿ ಒಮ್ಮೆಯೂ ಕೆಡಲಿಲ್ಲ. ಕೆಡದ ಗಾಡಿಯನ್ನು ನೋಡಿ ರೋಗ ಹೇಳು ಅಂದರೆ ಯಾರು ತಾನೇ ಏನು ಹೇಳಿಯಾರು?

ಹಳೇ ಸೊಸೈಟಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದೆ. ಯಾವತ್ತು, ಎಷ್ಟು ಲೋಡು, ಡೀಸೆಲ್ ಮುಳ್ಳು ಎಲ್ಲಿತ್ತು, ಎಷ್ಟು ದೂರ ಓಡಿದ ಮೇಲೆ, ಮಳೆಯಾ ಬಿಸಿಲಾ. ಹಳೆಯದನ್ನು ಅಮ್ಮನ ನೆನಪಿನಿಂದ ತುಂಬಿಸಿದೆ. ಅವಳಿಗೆ ದಿನಾಂಕ ನೆನಪಿಲ್ಲ, ಅವತ್ತು ಏನು ತಂದೆವು ಅನ್ನುವುದು ನೆನಪಿದೆ, ಅದರಿಂದ ದಿನಾಂಕ ಸಿಗುತ್ತದೆ. ಬರೆದು ನೋಡಿದರೆ ಲೋಡಿಗೂ ತೊಂದರೆಗೂ ನಾನು ಅಂದುಕೊಂಡಷ್ಟು ನೆಂಟಸ್ತಿಕೆ ಇರಲಿಲ್ಲ, ಖಾಲಿ ಗಾಡಿಯೂ ಎರಡು ಸಲ ನಿಂತಿತ್ತು. ಚಡಾವು ಮಾತ್ರ ಎಲ್ಲದರಲ್ಲೂ ಇತ್ತು. ಇನ್ನೊಂದು, ಮುಳ್ಳು ಅರ್ಧಕ್ಕಿಂತ ಮೇಲಿದ್ದಾಗ ಒಮ್ಮೆಯೂ ಆಗಿರಲಿಲ್ಲ.

ಹೊಗೆ ಏನು ಹೇಳಿತು

ಡೀಸೆಲ್ ಎಂಜಿನ್ನಿನ ಒಂದು ಒಳ್ಳೆಯ ಗುಣವೆಂದರೆ ಅದು ತನ್ನ ಕಷ್ಟವನ್ನು ಹೊಗೆಯಲ್ಲಿ ಹೇಳುತ್ತದೆ. ಡೀಸೆಲ್ ಬರುತ್ತಿದೆ, ಅದನ್ನು ಉರಿಸುವಷ್ಟು ಗಾಳಿ ಇಲ್ಲ ಅಂದರೆ ಕಪ್ಪು ಹೊಗೆ. ಬಂದ ಡೀಸೆಲ್ ಉರಿಯದೆ ಹೋಗುತ್ತಿದೆ ಅಂದರೆ ಬಿಳಿ ಹೊಗೆ. ಆಯಿಲ್ ಸುಡುತ್ತಿದ್ದರೆ ನೀಲಿ. ಮುಂದಿನ ಸಲ ಗಾಡಿ ತಡವರಿಸಿದಾಗ ಎಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಕನ್ನಡಿ ನೋಡಿದೆ. ಏನೂ ಇಲ್ಲ. ಪೂರ್ತಿ ಎಕ್ಸಿಲೇಟರಿನಲ್ಲಿ, ಚಡಾವಿನಲ್ಲಿ, 2007ರ ಡೀಸೆಲ್ ಗಾಡಿಯ ಸೈಲೆನ್ಸರಿನಿಂದ ಹೊಗೆಯೇ ಇಲ್ಲ ಅಂದರೆ ಒಂದೇ ಅರ್ಥ. ಒಲೆಗೆ ಕಟ್ಟಿಗೆಯೇ ಬೀಳುತ್ತಿಲ್ಲ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಶಬ್ದ ಏರಬೇಕಿತ್ತು, ಇಲ್ಲಿ ಇಳಿಯುತ್ತಿತ್ತು. ಏರ್ ಫಿಲ್ಟರಿಗೆ ಕೊಟ್ಟ ದುಡ್ಡು ದಂಡ ಅಂತ ಅಲ್ಲಿಗೆ ಖಾತ್ರಿಯಾಯಿತು, ಒಂದು ಪೈಸೆಯೂ ಖರ್ಚಿಲ್ಲದೆ.

ಡೀಸೆಲ್ ಬರುತ್ತಿಲ್ಲ ಅಂದರೆ ಎಲ್ಲಿ ನಿಂತಿದೆ? ಟ್ಯಾಂಕಿನಿಂದ ಫಿಲ್ಟರ್, ಫಿಲ್ಟರಿನಿಂದ ಪಂಪು, ಪಂಪಿನಿಂದ ನಾಝಲ್. ಪಂಪು ಟ್ಯಾಂಕಿನಿಂದ ಡೀಸೆಲನ್ನು ಹೀರುತ್ತದೆ. ಅಲ್ಲಿಯವರೆಗಿನ ಪೈಪಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಹಾಗಾಗಿ ಆ ಭಾಗದಲ್ಲಿ ಎಲ್ಲೋ ಸಣ್ಣ ಬಿರುಕಿದ್ದರೆ ಗಾಡಿ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. "ಏರ್ ಹಿಡಿದಿದೆ" ಅನ್ನುವುದು ಇದಕ್ಕೇ. ಇದು ಗೊತ್ತಿಲ್ಲದೆ ನಾನು ಎಷ್ಟೋ ದಿನ ಗಾಡಿಯ ಅಡಿಗೆ ರಟ್ಟು ಹಾಸಿ, ಡೀಸೆಲ್ ಬೊಟ್ಟು ಬಿದ್ದಿಲ್ಲ, ಹಾಗಾದರೆ ಪೈಪು ಸರಿಯಿದೆ ಅಂತ ತೀರ್ಮಾನ ಮಾಡಿದ್ದೆ.

ಇನ್ನೊಂದು ಗುಮಾನಿ ಟ್ಯಾಂಕಿನ ಮುಚ್ಚಳದ ಮೇಲೆ. ಡೀಸೆಲ್ ಹೊರಗೆ ಹೋದ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಗಾಳಿಯ ದಾರಿ ಕಟ್ಟಿದರೆ ಟ್ಯಾಂಕಿನೊಳಗೆ ಎಳೆತ ಹುಟ್ಟಿ ಪಂಪು ಸೋಲುತ್ತದೆ. ಗಾಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ ಕಿವಿಯಿಟ್ಟರೆ ಸಾಕು, ಉಸ್ ಅಂತ ಶಬ್ದ ಬಂದರೆ ರೋಗ ಸಿಕ್ಕಿತು. ಮೋರಿಯ ಹತ್ತಿರ ಇಳಿದು ಓಡಿ ಹೋಗಿ ತಿರುಗಿಸಿದೆ. ಶಬ್ದ ಬರಲಿಲ್ಲ. ಮುಚ್ಚಳ ಹಿಂದಿನ ಮಳೆಗಾಲದಲ್ಲಿ ಹೊಸದಾಗಿ ತಂದದ್ದು, ನಾನೇ ತಂದದ್ದು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗಲೂ ನನಗೆ ಯಾವುದೂ ನೆನಪಾಗಲಿಲ್ಲ ಅನ್ನುವುದನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇನೆ.

ಗಾರೆಯವರ ಪೈಪು

ಮನೆ ಕಟ್ಟುವಾಗ ಗಾರೆಯವರು ನೀರು ತುಂಬಿಸಿ ಮಟ್ಟ ನೋಡುತ್ತಾರಲ್ಲ, ಆ ಲೆವೆಲ್ ಪೈಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಐದು ಮೀಟರ್ ತಂದೆ. ಟ್ಯಾಂಕಿನಿಂದ ಬರುವ ಪೈಪು ಫಿಲ್ಟರಿಗೆ ಸೇರುವ ಕಡೆ ಒಂದಡಿಯಷ್ಟನ್ನು ಮಧ್ಯೆ ಸಿಕ್ಕಿಸಿ ಕ್ಲಿಪ್ ಬಿಗಿದೆ. ಫಿಲ್ಟರಿನ ಮೇಲಿನ ಪ್ರೈಮರನ್ನು, ಅಂದರೆ ಡೀಸೆಲ್ ಎಳೆಯುವ ಪುಟ್ಟ ಕೈಪಂಪನ್ನು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಏರ್ ತೆಗೆದೆ. ಈಗ ಡೀಸೆಲ್ ಹರಿಯುವುದು ಕಣ್ಣಿಗೆ ಕಾಣುತ್ತದೆ, ತೆಳು ಹೊಂಬಣ್ಣ, ಜೇನಿಗೆ ನೀರು ಬೆರೆಸಿದ ಹಾಗೆ. (ಈ ಪೈಪು ಪರೀಕ್ಷೆಗೆ ಮಾತ್ರ. ಡೀಸೆಲ್ಲಿನಲ್ಲಿ ಕೆಲವು ವಾರಕ್ಕೆ ಕೋಲಿನ ಹಾಗೆ ಗಟ್ಟಿಯಾಗಿ ಒಡೆಯುತ್ತದೆ. ಪೆಟ್ರೋಲ್ ಗಾಡಿಯಲ್ಲಂತೂ ಈ ಆಟವೇ ಬೇಡ.)

ಅಂಗಳದಲ್ಲಿ ಎಂಜಿನ್ ಓಡಿಸಿ ಗುಳ್ಳೆ ಬರುತ್ತದಾ ಅಂತ ನೋಡಿದೆ. ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂತು ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಏರ್ ಹಿಡಿದಿಲ್ಲ ಅಂತಾಯಿತು. ಎದ್ದು ಕೈ ಒರೆಸಿಕೊಳ್ಳುವಾಗ ಅಮ್ಮ ಕಾಫಿ ತಂದಳು. "ಇಲ್ಲಿ ನೋಡಿದ್ರೆ ಎಂತ ಸಿಗ್ತದೆ? ಅದು ನಿಲ್ಲುದು ಇಲ್ಲಿ ಅಲ್ಲನಾ" ಅಂದಳು.

ಹಾಗಾಗಿ ಗಾಡಿಯನ್ನು ಮೋರಿಯ ಹತ್ತಿರವೇ ಒಯ್ದೆವು. ಮೂತಿ ಮೇಲೆ ಮಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಗಾಲಿಗೆ ಹಿಂದಿನಿಂದ ಕಲ್ಲು ಕೊಟ್ಟು, ನ್ಯೂಟ್ರಲ್ಲಿನಲ್ಲಿ ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಸ್ಟಿಯರಿಂಗ್ ಹಿಡಿದದ್ದು. ಎಕ್ಸಿಲೇಟರ್ ಇಷ್ಟು ಒತ್ತು, ಬಿಡಬೇಡ ಅಂದೆ. ಹೊಲಿಗೆ ಮಿಷನ್ ತುಳಿದ ಕಾಲು, ಮುಳ್ಳು ಅಲ್ಲಾಡದ ಹಾಗೆ ಹಿಡಿದಳು. ರೋಟರಿ ಪಂಪು ಎಂಜಿನ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೀರುತ್ತದೆ. ಆ ಡೀಸೆಲ್ಲೇ ಅದರ ಒಳಗಿನ ಭಾಗಗಳಿಗೆ ಎಣ್ಣೆ, ಅದೇ ತಂಪು, ಮಿಕ್ಕಿದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಹಾಗಾಗಿ ನಿಂತ ಗಾಡಿಯಲ್ಲೂ ಎಂಜಿನ್ ಜೋರಾಗಿ ತಿರುಗಿದರೆ ಹೀರುವುದು ಜೋರಾಗಿಯೇ ಇರುತ್ತದೆ.

ಐದಾರು ನಿಮಿಷವಾಗಿರಬೇಕು. ಪೈಪಿನಲ್ಲಿ ಗುಳ್ಳೆ ಹುಡುಕುತ್ತಿದ್ದ ನನಗೆ ಪೈಪೇ ಬದಲಾಗುತ್ತಿರುವುದು ಮೊದಲು ಕಾಣಲಿಲ್ಲ. ಗುಂಡಗಿದ್ದದ್ದು ನಿಧಾನವಾಗಿ ಮೊಟ್ಟೆಯಾಕಾರಕ್ಕೆ ಬಂತು. ಆಮೇಲೆ ಎರಡು ಬದಿಯೂ ಒಳಕ್ಕೆ ಹೋದವು, ಎಳನೀರಿನ ತಳದಲ್ಲಿ ಸ್ಟ್ರಾ ಇಟ್ಟು ಹೀರುವ ಮಗುವಿನ ಕೆನ್ನೆಯ ಹಾಗೆ. ಎಂಜಿನ್ ಶಬ್ದ ಸಣ್ಣದಾಯಿತು. ಅಮ್ಮ ಕಿಟಕಿಯಿಂದ "ನಾನು ಕಾಲು ತೆಗೀಲಿಲ್ಲ!" ಅಂತ ಕೂಗಿದಳು. ಎಂಜಿನ್ ನಿಂತಿತು. ಮೂರ್ನಾಲ್ಕು ಸೆಕೆಂಡು ಪೈಪು ಹಾಗೇ ಚಪ್ಪಟೆಯಾಗಿತ್ತು. ಆಮೇಲೆ ನೋಡುತ್ತಿದ್ದ ಹಾಗೇ ಉಬ್ಬಿ ಮೊದಲಿನಂತಾಯಿತು, ಯಾರೋ ಹಿಡಿದ ಗಂಟಲು ಬಿಟ್ಟ ಹಾಗೆ.

ಎರಡು ತಿಂಗಳು, ಮೂರು ಗ್ಯಾರೇಜು, ಆ ಹೊತ್ತಿಗೆ ಹದಿನೈದು ಸಾವಿರದ ಹತ್ತಿರ ಖರ್ಚು. ರೋಗ ಕಂಡದ್ದು ಒಂದಡಿ ಲೆವೆಲ್ ಪೈಪಿನಲ್ಲಿ. ಪಂಪು ಹೀರುತ್ತಿದೆ, ಬಲವಾಗಿಯೇ ಹೀರುತ್ತಿದೆ. ಪೈಪಿನ ಹಿಂದೆ, ಅಂದರೆ ಟ್ಯಾಂಕಿನ ಕಡೆ, ಯಾವುದೋ ಒಂದು ದಾರಿ ಮುಚ್ಚುತ್ತಿದೆ. ಮುಚ್ಚಿ, ಆಮೇಲೆ ತಾನೇ ಬಿಡುತ್ತಿದೆ.

ಆದರೂ ಟ್ಯಾಂಕ್ ಇಳಿಸುವುದು ಸಣ್ಣ ಕೆಲಸವಲ್ಲವಾದ್ದರಿಂದ ಇನ್ನೊಂದು ಸಾಕ್ಷಿ ಇರಲಿ ಅಂತ ಡಬ್ಬಿಯ ಪರೀಕ್ಷೆ ಮಾಡಿದೆ. ಟ್ಯಾಂಕಿನ ಪೈಪು ಬಿಚ್ಚಿ, ಐದು ಲೀಟರಿನ ಕ್ಯಾನಿನಿಂದ ನೇರ ಫಿಲ್ಟರಿಗೆ ಡೀಸೆಲ್ ಕೊಡುವುದು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಹಾಗೆ. ಮೊದಲ ಸಲ ವಾಪಸ್ ಬರುವ ಪೈಪನ್ನು ಕ್ಯಾನಿಗೆ ಹಾಕುವುದು ಮರೆತೆ. ಕ್ಯಾನಿನ ಡೀಸೆಲ್ಲೆಲ್ಲ ಪಂಪಿನ ಮೂಲಕ ಟ್ಯಾಂಕಿಗೆ ಹೋಗಿ, ನೋಡನೋಡುತ್ತಿದ್ದಂತೆ ಕ್ಯಾನು ಖಾಲಿಯಾಗಿ ಎಂಜಿನ್ ನಿಂತು, ಅಯ್ಯೋ ಪಂಪೇ ಹೋಗಿದೆ ಅಂತ ಅರ್ಧ ಗಂಟೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಎರಡನೇ ಸಲ ಎರಡೂ ಪೈಪು ಕ್ಯಾನಿಗೆ. ಕ್ಯಾನನ್ನು ಕ್ಯಾಬಿನ್ನಿನ ಹಿಂದೆ ಹಗ್ಗದಲ್ಲಿ ಬಿಗಿದು, ಆರು ಚೀಲ ಗೊಬ್ಬರ ಹೇರಿ ಚಡಾವು ಹತ್ತಿಸಿದೆ. ಮೂರು ಸಲ ಹತ್ತಿಸಿದೆ. ಮೂರು ಸಲವೂ ಮೋರಿ ಬಂದದ್ದು ಹೋದದ್ದು ಗೊತ್ತಾಗಲಿಲ್ಲ.

ಇಲ್ಲಿ ಒಂದು ಮಾತು. ನನ್ನ ಭಾವನ ಗಾಡಿ ಹೊಸದು, ಕಾಮನ್ ರೈಲ್, ಅಂದರೆ ಎಲ್ಲ ನಾಝಲ್ಲಿಗೂ ರೈಲ್ ಅನ್ನುವ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು. ಅದಕ್ಕೂ ಒಮ್ಮೆ ಇಂಥದ್ದೇ ತೊಂದರೆ ಬಂದು ಸ್ಕ್ಯಾನರ್ ಹಾಕಿದಾಗ ಪಿ0087 ಅಂತ ಕೋಡ್ ಬಂತು. ಆ ಕೊಳವೆಯಲ್ಲಿ ಒತ್ತಡ ಸಾಲುತ್ತಿಲ್ಲ ಅಂತ ಅದರ ಅರ್ಥ. ಕೋಡ್ ಬಂದ ಮೇಲೆ ಇನ್ನೇನು, ಪಂಪ್ ಬದಲಾಯಿಸಿ ಅಂದರಂತೆ. ಒತ್ತಡ ಯಾಕೆ ಸಾಲುತ್ತಿಲ್ಲ ಅನ್ನುವುದು ಕೋಡಿಗೆ ಗೊತ್ತಿಲ್ಲ. ಫಿಲ್ಟರ್ ಕಟ್ಟಿದರೂ ಅದೇ ಕೋಡು, ಟ್ಯಾಂಕಿನೊಳಗೆ ಕಸವಿದ್ದರೂ ಅದೇ ಕೋಡು. ಅಮ್ಮನ ಮಾತಿನಲ್ಲಿ ಹೇಳುವುದಾದರೆ ಅದು "ಯಾವಾಗಲೂ ಬರ್ತದೆ" ಅಂದ ಅಪ್ಪಯ್ಯನ ಹಾಗೆ. ಹಾಗಂತ ಕಾಮನ್ ರೈಲ್ ಎಂಜಿನ್ನಿನಲ್ಲಿ ಪಂಪಿನಿಂದ ಮುಂದಿನ ಭಾಗಕ್ಕೆ ಮನೆಯಲ್ಲಿ ಯಾರೂ ಕೈ ಹಾಕಬಾರದು. ಒಳಗೆ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತದೆ, ಸೂಜಿಯಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಟ್ಯಾಂಕಿನಿಂದ ಫಿಲ್ಟರಿನವರೆಗೆ ಮಾತ್ರ ನಮ್ಮ ರಾಜ್ಯ.

ಕೊಟ್ಟೆ

ಟ್ಯಾಂಕ್ ಇಳಿಸಿದ ದಿನ ಅಮಾವಾಸ್ಯೆ, ಅಮ್ಮನಿಗೆ ಇಷ್ಟವಿರಲಿಲ್ಲ. ತಳದ ಬೋಲ್ಟ್ ಬಿಚ್ಚಿ ಡೀಸೆಲ್ ಎಲ್ಲ ಕ್ಯಾನಿಗೆ ಇಳಿಸಿದೆ. ಪಟ್ಟಿಯ ನಟ್ಟುಗಳು ತುಕ್ಕು ಹಿಡಿದು ಅಲ್ಲಾಡಲಿಲ್ಲ, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಒಂದು ಮುರಿದೇ ಬಂತು. ಜಾಕಿನ ಮೇಲೆ ಹಲಗೆಯಿಟ್ಟು ಟ್ಯಾಂಕನ್ನು ಅದರ ಮೇಲೆ ಕೂರಿಸಿ ಇಳಿಸಿ, ಪಕ್ಕಕ್ಕೆ ಎಳೆದೆ. ಮೇಲ್ಗಡೆಯ, ಡೀಸೆಲ್ ಮಟ್ಟ ಅಳೆಯುವ ಫ್ಲೋಟಿನ ಸ್ಕ್ರೂಗಳನ್ನು ತೆಗೆದು ಹೀರುವ ಕೊಳವೆಯನ್ನು ಮೆಲ್ಲಗೆ ಹೊರಗೆಳೆದೆ. ಅದರ ತುದಿಯ ಜರಡಿಯಲ್ಲಿ ಏನೋ ಸಿಕ್ಕಿಕೊಂಡಿರುತ್ತದೆ ಅಂತ ಎಷ್ಟು ನಂಬಿದ್ದೆನೆಂದರೆ, ಫೋಟೋ ತೆಗೆಯಲು ಮೊಬೈಲ್ ಸಿದ್ಧ ಮಾಡಿ ಇಟ್ಟಿದ್ದೆ. ಜರಡಿ ಖಾಲಿ. ಸ್ವಲ್ಪ ಕಪ್ಪು ಲೋಳೆ, ಅಷ್ಟೇ. ಊದಿದರೆ ಗಾಳಿ ಸಲೀಸಾಗಿ ಹೋಯಿತು.

ಆ ಹೊತ್ತಿಗೆ ಮಳೆ ಬಂತು. ಟ್ಯಾಂಕನ್ನು ಕೊಟ್ಟಿಗೆಯ ಮಾಡಿನ ಕೆಳಗೆ ಎಳೆದು, ಮೂಲೆಯಲ್ಲಿ ಉಳಿದ ಡೀಸೆಲ್ಲಾದರೂ ಚೆಲ್ಲಿ ತೊಳೆಯೋಣ ಅಂತ ಬಗ್ಗಿಸಿದೆ. ಮೊದಲು ಕಪ್ಪು ನೀರು ಬಂತು, ಆಮೇಲೆ ರಾಡಿ, ಅದರ ಹಿಂದೆಯೇ ಮಡಚಿಕೊಂಡ, ಅಂಗೈಯಗಲದ, ಲೋಳೆ ಮೆತ್ತಿದ ಒಂದು ಪ್ಲಾಸ್ಟಿಕ್ಕಿನ ತುಂಡು ಪರಾತದೊಳಗೆ ಬಿತ್ತು. ಬೆರಳಲ್ಲಿ ಬಿಡಿಸಿ ನೋಡಿದೆ. ಒಂದು ಅಂಚಿನಲ್ಲಿ ಬಿಸಿ ಮಾಡಿ ಒತ್ತಿದ ಹೊಲಿಗೆ ಇತ್ತು. ನೋಡಿದ ಕೂಡಲೇ ಗೊತ್ತಾಯಿತು. ಕೊಟ್ಟೆ. ಮಳೆಗಾಲಕ್ಕೆ ಮೊದಲು ಕೊಳೆರೋಗ ಬರಬಾರದು ಅಂತ ಅಡಿಕೆ ಗೊನೆಗೆ ಕಟ್ಟುತ್ತೇವಲ್ಲ, ಅದೇ ಪ್ಲಾಸ್ಟಿಕ್ ಕೊಟ್ಟೆ. ನಮ್ಮ ಮನೆಯ ಅಟ್ಟದಲ್ಲಿ ಅದರ ಕಟ್ಟು ಈಗಲೂ ಇದೆ.

ಹಿಂದಿನ ವರ್ಷದ ಮಳೆಗಾಲದಲ್ಲಿ ಬಂಕಿನಲ್ಲಿ ಡೀಸೆಲ್ ಹಾಕಿಸಿ, ಮುಚ್ಚಳವನ್ನು ಹಿಂದಿನ ಬಾಡಿಯ ಅಂಚಿನ ಮೇಲಿಟ್ಟು ಮರೆತು ಹೊರಟವನು ನಾನು. ಹೊಸ ಮುಚ್ಚಳ ಬರುವವರೆಗೆ ಮಳೆನೀರು ಹೋಗದಿರಲಿ ಅಂತ ಟ್ಯಾಂಕಿನ ಬಾಯಿಗೆ ಒಂದು ಕೊಟ್ಟೆ ಹಾಕಿ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದವನೂ ನಾನೇ. ಮೂರು ವಾರ ಹಾಗೇ ಓಡಿಸಿದ್ದೆ. ಬಿಚ್ಚುವಾಗ ಕೊಟ್ಟೆಯ ಒಂದು ಮೂಲೆ ಇರಲಿಲ್ಲ. ಇಲಿ ಕಡಿದಿರಬೇಕು ಅಂದುಕೊಂಡದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಇಲಿ ಕಡಿದದ್ದು ಎಲ್ಲಿಗೆ ಹೋಯಿತು ಅಂತ ಯೋಚಿಸಲಿಲ್ಲ.

ಪ್ಲಾಸ್ಟಿಕ್ ಆದರೆ ತೇಲಬೇಕಲ್ಲ, ತಳದಲ್ಲಿರುವ ಕೊಳವೆಯ ಬಾಯಿಗೆ ಹೇಗೆ ಹೋಯಿತು? ಪರೀಕ್ಷೆ ಮಾಡದೆ ಮನಸ್ಸು ಕೇಳಲಿಲ್ಲ. ತುಂಡನ್ನು ಸೋಪು ಹಾಕಿ ತೊಳೆದು ನೀರಿನ ಬಕೆಟ್ಟಿಗೆ ಹಾಕಿದೆ, ತೇಲಿತು. ಡೀಸೆಲ್ ತುಂಬಿದ ಪರಾತಕ್ಕೆ ಹಾಕಿ ಬೆರಳಲ್ಲಿ ಅದ್ದಿದೆ, ನಿದ್ದೆ ಬಂದವರ ಹಾಗೆ ನಿಧಾನವಾಗಿ ಹೊರಳುತ್ತಾ ತಳಕ್ಕೆ ಹೋಗಿ ಮಲಗಿತು. ಲೆಕ್ಕ ಸರಿಯೇ. ಒಂದು ಲೀಟರ್ ಡೀಸೆಲ್ ತೂಗುವುದು 830 ಗ್ರಾಂ ಆಸುಪಾಸು, ಇಂಥ ಪ್ಲಾಸ್ಟಿಕ್ ಅದೇ ಅಳತೆಗೆ 920 ಗ್ರಾಂ ಆಸುಪಾಸು. ನೀರಿನಲ್ಲಿ ತೇಲುವುದು ಡೀಸೆಲ್ಲಿನಲ್ಲಿ ಮುಳುಗುತ್ತದೆ. ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿಗೆ ಲೆವೆಲ್ ಪೈಪಿನ ತುಂಡು ಸಿಕ್ಕಿಸಿ, ಅದರ ಬಾಯನ್ನು ಎರಡು ಬೆರಳು ದೂರದಲ್ಲಿಟ್ಟು ಎಳೆದೆ. ತುಂಡಿನ ಅಂಚು ಒಮ್ಮೆ ಅಲುಗಿತು, ಎದ್ದಿತು, ಪೈಪಿನ ಬಾಯಿಗೆ ಚಪ್ ಅಂತ ಅಂಟಿತು. ಸಿರಿಂಜ್ ಬಿಗಿಯಾಯಿತು. ಎಳೆಯುವುದು ಬಿಟ್ಟೆ. ಸ್ವಲ್ಪ ಹೊತ್ತು ಅಂಟಿಕೊಂಡೇ ಇದ್ದು, ಆಮೇಲೆ ಕಳಚಿಕೊಂಡು ಮೆಲ್ಲಗೆ ಕೆಳಗಿಳಿಯಿತು.

ಕ್ಯಾಲೆಂಡರಿನ ಹಿಂದೆ ಬರೆದಿದ್ದೆಲ್ಲ ಒಂದೊಂದಾಗಿ ಜಾಗಕ್ಕೆ ಬಂದು ಕೂತಿತು. ನಮ್ಮ ಗಾಡಿಯಲ್ಲಿ ಕೊಳವೆ ಇರುವುದು ಟ್ಯಾಂಕಿನ ಹಿಂಭಾಗದಲ್ಲಿ. ಚಡಾವಿನಲ್ಲಿ ಮೂತಿ ಮೇಲಾದಾಗ ಡೀಸೆಲ್ ಹಿಂದಕ್ಕೆ ಹರಿಯುತ್ತದೆ, ಅದರ ಜೊತೆ ಈ ತುಂಡೂ ಜಾರುತ್ತದೆ. ಜೋರಾಗಿ ಹೀರುವುದೂ ಅದೇ ಹೊತ್ತಿಗೆ. ಎಂಜಿನ್ ನಿಂತರೆ ಎಳೆತವಿಲ್ಲ, ತುಂಡು ಬಿಟ್ಟುಕೊಳ್ಳುತ್ತದೆ. ಪೇಟೆಗೆ ಹೋಗುವಾಗ ಇಳಿಜಾರು, ತುಂಡು ಮುಂದಿನ ಮೂಲೆಗೆ. ಗ್ಯಾರೇಜಿನ ಅಂಗಳ ಸಮತಟ್ಟು. ನಾಝಲ್ ಮಾಡಿಸಿದ ಮೇಲಿನ ಆ ಕುದುರೆಯಂಥ ಒಂದು ವಾರವಂತೂ ಬಂಕಿನವರು ಫುಲ್ ಟ್ಯಾಂಕ್ ಹಾಕುವಾಗ ಬಿದ್ದ ಧಾರೆಯ ಪ್ರತಾಪ ಇರಬೇಕು. ಆ ರಭಸಕ್ಕೆ ತುಂಡು ಎಲ್ಲೋ ದೂರದ ಮೂಲೆಗೆ ಹೋಗಿ ಬಿದ್ದು, ಡೀಸೆಲ್ ಇಳಿದಂತೆಲ್ಲ ತೆವಳುತ್ತಾ ವಾಪಸ್ ಬಂದಿದೆ. ಇಷ್ಟು ಹೇಳಿದ ಮೇಲೆ ಅಮ್ಮ ಕೇಳಿದ್ದು ಒಂದೇ: "ಹಂಗಾರೆ ಆ ನಾಝಲ್ಲಿನ ದುಡ್ಡು ಅವರು ವಾಪಸ್ ಕೊಡ್ತಾರನಾ?"

ಟ್ಯಾಂಕನ್ನು ಎರಡು ಸಲ ಡೀಸೆಲ್ಲಿನಲ್ಲೇ ಕುಲುಕಿ ತೊಳೆದು, ಒಂದು ದಿನ ಬಾಯಿ ಕೆಳಗೆ ಮಾಡಿ ಆರಿಸಿ, ಮುರಿದ ನಟ್ಟಿಗೆ ಬೇರೆ ಹಾಕಿ ಏರಿಸಿದೆ. ಪೈಪಿನ ರಬ್ಬರ್ ತುಂಡುಗಳು ಹೇಗೂ ಹಳೆಯದಾಗಿದ್ದವು, ಅವನ್ನೂ ಬದಲಾಯಿಸಿದೆ. ಬದಲಾಯಿಸುವ ಚಟ ಪೂರ್ತಿ ಹೋಗುವುದಿಲ್ಲ. ಫಿಲ್ಟರ್ ಮತ್ತೊಂದು ಸಲ ಹೊಸದು. ಮುಚ್ಚಳಕ್ಕೆ ಒಂದು ಸಣ್ಣ ಸರಪಳಿ. ಏರ್ ತೆಗೆಯಲು ಪ್ರೈಮರ್ ಒತ್ತಿ ಒತ್ತಿ ಹೆಬ್ಬೆರಳು ಬಾತುಹೋಯಿತು.

ಮಾರನೇ ದಿನ ಪೇಟೆಗೆ ಹೋಗಿ ಹತ್ತು ಚೀಲ ಹಿಂಡಿ ಹೇರಿಕೊಂಡು ಬಂದೆವು. ಬೇಕಂತಲೇ ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗೆ ಇರುವಾಗ ಹೋಗಿದ್ದೆ. ಚಡಾವು ಶುರುವಾಯಿತು. ಅಮ್ಮ ಬಾಗಿಲಿನ ಹಿಡಿಕೆ ಹಿಡಿದುಕೊಂಡಳು. ಸೆಕೆಂಡ್ ಗೇರಿನಲ್ಲಿ ಎಂಜಿನ್ ಒಂದೇ ಸಮ ಎಳೆಯುತ್ತಿತ್ತು, ಕನ್ನಡಿಯಲ್ಲಿ ಹದವಾಗಿ ಒಂದಿಷ್ಟು ಕಪ್ಪು ಹೊಗೆ. ಮೋರಿ ಕಂಡಿತು, ಹತ್ತಿರ ಬಂತು. "ನಿಲ್ಸು, ನಿಲ್ಸು" ಅಂತ ಅಮ್ಮ ಕೂಗಿದಳು. ನನ್ನ ಎದೆ ಧಸಕ್ಕೆಂದಿತು. ಶಬ್ದ ಬದಲಾಯಿತಾ, ವಾಸನೆ ಬಂತಾ, ಅವಳಿಗೆ ಏನು ಕೇಳಿಸಿತು? ಪಕ್ಕಕ್ಕೆ ತಂದು ಬ್ರೇಕ್ ಹಾಕಿದೆ. ಎಂಜಿನ್ ಗುಡುಗುಡು ಅಂತ ಓಡುತ್ತಲೇ ಇತ್ತು.

"ಎಂತ ಆಯ್ತಮ್ಮ?"

"ಎಂತದೂ ಇಲ್ಲ. ಒಂದೆಲಗ" ಅಂದು ಅವಳು ಕೊಡೆ ತಗೊಂಡು ಇಳಿದಳು.